ಏರ್‌ಪೋರ್ಟ್ ದೂರ ಲೆಕ್ಕದ ಆ್ಯಪ್, ಮೂರು ವರ್ಷ ಬಳಸಿದ ಮೇಲೆ

ನಮ್ದು ವಿರಾಜಪೇಟೆ ಹತ್ರ. ಭಾವ ಆರ್ಮಿ, ಅವರಿಗೆ ಅಸ್ಸಾಮಿನ ಜೋರ್ಹಾಟ್‌ಗೆ ಪೋಸ್ಟಿಂಗ್ ಆದಾಗ ಹಾಕ್ಕೊಂಡಿದ್ದು ಈ ಆ್ಯಪ್. ಎರಡು ಏರ್‌ಪೋರ್ಟ್ ಹೆಸರು ಕೊಟ್ರೆ ಮಧ್ಯದ ದೂರ, ಹಾರೋಕೆ ಎಷ್ಟು ಹೊತ್ತು, ಎರಡೂ ಕಡೆ ಗಡಿಯಾರದ ವ್ಯತ್ಯಾಸ, ಅಷ್ಟೇ ತೋರಿಸೋದು, ಟಿಕೆಟ್ ಗಿಕೆಟ್ ಏನೂ ಇಲ್ಲ.

ಮೊದಲ ದಿನಾನೇ ಎಡವಟ್ಟು. ಎರಡು ಅಕ್ಷರ ಹೊಡೆದ ತಕ್ಷಣ ಮೇಲೆ ಜೋಧ್‌ಪುರ ಬಂತು, ನೋಡದೆ ಒತ್ತಿಬಿಟ್ಟೆ. ನಮಗೆ ಹತ್ರದ ಏರ್‌ಪೋರ್ಟ್ ಕೇರಳದ ಕಣ್ಣೂರು, ಅಲ್ಲಿಂದ 1,600 ಚಿಲ್ಲರೆ ಕಿಲೋಮೀಟರ್, ಎರಡೂವರೆ ಗಂಟೆ. ಅವ್ವನಿಗೆ ಖುಷಿಯೋ ಖುಷಿ, ಊರೆಲ್ಲಾ ಹೇಳ್ಕೊಂಡು ಬಂದ್ರು. ಸರಿ ಮಾಡಿ ನೋಡಿದ್ರೆ ಜೋರ್ಹಾಟ್‌ಗೆ ಸುಮಾರು 2,550, ಮೂರೂವರೆ ಗಂಟೆ. ಅದಕ್ಕೂ ಅವ್ವ "ಮಡಿಕೇರಿಯಿಂದ ಮೈಸೂರಿಗೆ ಬಸ್ಸಲ್ಲಿ ಹೋದಷ್ಟೇ ಅಲ್ವಾ" ಅಂದ್ರು.

ದೂರದ ಲೆಕ್ಕ ಪಕ್ಕಾ ಇದೆ, ಗ್ಲೋಬ್ ಮೇಲೆ ದಾರ ಬಿಗಿಯಾಗಿ ಎಳೆದು ಅಳೆದ ಹಾಗೆ. ತಕರಾರು ಇರೋದು ಹೊತ್ತಿಂದು. ನಾನೇ ಭಾಗಿಸಿ ನೋಡಿದೆ, ಯಾವ ವಿಮಾನ ಆದ್ರೂ ಗಂಟೆಗೆ 850 ಕಿಲೋಮೀಟರ್ ಅಂತ ಹಿಡಿದು, ಹತ್ತೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸ್ತಾರೆ. ಜೆಟ್‌ಗೆ ಓಕೆ, ಆದ್ರೆ ನಮ್ಮ ಮೈಸೂರು ರನ್‌ವೇ ಇರೋದೇ 1,740 ಮೀಟರ್, ಅಲ್ಲಿಗೆ ಬರೋದು ರೆಕ್ಕೆಲಿ ಫ್ಯಾನ್ ಇರೋ ಎಟಿಆರ್, ಅದರ ಸ್ಪೀಡು 500ರ ಆಸುಪಾಸು. ಮೈಸೂರು–ಹೈದರಾಬಾದ್ ಸುಮಾರು 590 ಕಿಲೋಮೀಟರ್‌ಗೆ ಆ್ಯಪ್ ಒಂದೂಕಾಲು ಗಂಟೆ ಅನ್ನುತ್ತೆ, ನಾನು ಹೋದಾಗ ಎರಡು ಗಂಟೆಗೆ ಸ್ವಲ್ಪ ಕಮ್ಮಿ.

ಇನ್ನು ಜೋರ್ಹಾಟ್ ಕಥೆ. ಕಣ್ಣೂರಿಂದ ನೇರ ವಿಮಾನ ಎಲ್ಲಿಂದ ಬರ್ಬೇಕು! ಅವ್ವ ಕತ್ತಲಲ್ಲೇ ಮನೆ ಬಿಟ್ರು, ಪೆರುಂಬಾಡಿ ದಾಟಿ ಮಾಕುಟ್ಟ ಘಾಟ್ ಇಳಿದು ಕೂಟುಪುಳ, ಇರಿಟ್ಟಿ, ಮಟ್ಟನ್ನೂರು, ಹಕ್ಕಿ ಹಾರಿದ್ರೆ 40 ಕಿಲೋಮೀಟರ್, ನಮಗೆ 60ರ ಹತ್ರ, ಮಂಜು ಬೇರೆ, ತಿರುವಲ್ಲಿ ಲಾರಿ ಎದುರಾಗಿ ಹಿಂದಕ್ಕೆ ಸರಿಯೋದು ಬೇರೆ, ಅದಕ್ಕೇ ಎರಡು ಗಂಟೆ ಹೋಯ್ತು. ಆಮೇಲೆ ಬೆಂಗಳೂರು, ಕೊಲ್ಕತ್ತಾ, ಅಲ್ಲಿ ರಾತ್ರಿಯೆಲ್ಲಾ ಕುರ್ಚಿ ಮೇಲೆ. ಅಕ್ಕನ ಮನೆ ಸೇರಿದ್ದು ಮಾರನೇ ದಿನ ಮಧ್ಯಾಹ್ನ, ಪುಣ್ಯಕ್ಕೆ ಕಾಚಂಪುಳಿ (ನಮ್ಮ ಕೊಡಗಿನ ಅಡುಗೆ ಹುಳಿ) ಬಾಟ್ಲಿ ಒಡೆದಿರ್ಲಿಲ್ಲ.

ಟೈಮ್ ವ್ಯತ್ಯಾಸ ಸೊನ್ನೆ ಅಂತ ತೋರಿಸುತ್ತೆ, ಗಡಿಯಾರಕ್ಕೆ ನಿಜ. ಆದ್ರೆ ರೇಖಾಂಶದಲ್ಲಿ ಕಣ್ಣೂರಿಗಿಂತ ಹದಿನೆಂಟೂವರೆ ಡಿಗ್ರಿ ಪೂರ್ವಕ್ಕಿದೆ ಜೋರ್ಹಾಟ್, ಒಂದು ಡಿಗ್ರಿಗೆ ನಾಲ್ಕು ನಿಮಿಷ ಹಿಡಿದ್ರೂ ಸೂರ್ಯ ಒಂದೂಕಾಲು ಗಂಟೆ ಮುಂದೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲಾ ಕತ್ತಲೆ, ಅವ್ವ ಫೋನಲ್ಲಿ "ಇಲ್ಲಿ ಕಾಫಿ ಕುಡಿಯೋಷ್ಟರಲ್ಲಿ ದೀಪ ಹಾಕ್ಬೇಕು" ಅಂತ ದೂರು.

ಐದಕ್ಕೆ ಮೂರು ಸ್ಟಾರ್. ವಿಮಾನ ಯಾವ್ದು ಅಂತ ಆರಿಸೋಕೆ ಒಂದು ಬಟನ್ ಕೊಟ್ರೆ ನಾಲ್ಕು ಕೊಡ್ತೀನಿ.