ಜಮೀನಿನ ದುಡ್ಡು ಬಂದ ಮೇಲೆ ಒಡೆದ ಸಂಸಾರ, ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ನಮಗಾದ ಅನುಭವ

ಐದಕ್ಕೆ ಐದು ಕೊಡುತ್ತೇನೆ. ಸುಮ್ನೆ ಹೊಗಳಬೇಕು ಅಂತಲ್ಲ, ಯಾಕೆ ಅಂತ ಪೂರ್ತಿ ಹೇಳುತ್ತೇನೆ.

ನಮ್ಮದು ದೇವನಹಳ್ಳಿ ಕಡೆಯ ಹಳ್ಳಿ. ತಮ್ಮನ ಹೆಂಡತಿ ಫ್ಯಾಮಿಲಿ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಳು. ಕೋರ್ಟು ಇಬ್ಬರನ್ನೂ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿ ರಾಜಿಗೆ ನೆರವಾಗುವ ಜಾಗಕ್ಕೆ ಕಳಿಸಿತು. ಬಾಯಲ್ಲಿ ಎಲ್ಲರೂ ಮೀಡಿಯೇಷನ್ ಅಂತಲೇ ಅನ್ನುವುದು. ಜಮೀನಿನ ದುಡ್ಡು ಬಂದ ಮನೆಗಳಲ್ಲಿ ಗಂಡ ಹೆಂಡತಿ ಬೇರೆಯಾಗುವುದು, ಅಣ್ಣ ತಮ್ಮಂದಿರು ಮಾತು ಬಿಡುವುದು ನಮ್ಮ ಸುತ್ತಮುತ್ತ ಜಾಸ್ತಿ ಆಗಿದೆ. ಆದರೆ ಇಂಥ ಜಾಗ ಇದೆ ಅಂತ ಗೊತ್ತಿರುವವರು ಕಡಿಮೆ. ತಮ್ಮ, ಅವನ ಹೆಂಡತಿ ಇಬ್ಬರೂ "ಬರಿ ಅಕ್ಕ, ಯಾರಿಗಾದರೂ ಉಪಯೋಗ ಆಗಲಿ" ಅಂದ ಮೇಲೆ ಬರೆಯುತ್ತಿದ್ದೇನೆ.

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಸೀಮೆಯ ಭೂಮಿಗೆ ಬಂದ ಬೆಲೆ ಎಲ್ಲರಿಗೂ ಗೊತ್ತಿದೆ. ಕೈಗಾರಿಕೆಗೆ ಅಂತ ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಊರೂರಲ್ಲಿ ಜಮೀನು ತೆಗೆದುಕೊಂಡಿತು. ಚನ್ನರಾಯಪಟ್ಟಣ ಹೋಬಳಿಯ ರೈತರು ಕೊಡುವುದಿಲ್ಲ ಅಂತ ವರ್ಷಗಟ್ಟಲೆ ಧರಣಿ ಕೂತರು, ಕೊನೆಗೆ 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯನ್ನು ಕೈಬಿಟ್ಟಿತು. ನಮ್ಮ ಜಮೀನು ಅದಕ್ಕೆ ಎಷ್ಟೋ ಮುಂಚೆಯೇ ಹೋಗಿತ್ತು. ದ್ರಾಕ್ಷಿ ತೋಟ, ಒಂದಿಷ್ಟು ರಾಗಿ ಹೊಲ, ಕೊಟ್ಟಿಗೆಯಲ್ಲಿ ನಾಲ್ಕು ಸೀಮೆ ಹಸು, ಅಷ್ಟರಲ್ಲೇ ಮನೆ ನಡೆಯುತ್ತಿತ್ತು. ಪರಿಹಾರದ ದುಡ್ಡು ತಮ್ಮನ ಖಾತೆಗೆ ಬಂತು. ಅದರಲ್ಲಿ ಅವನು ಸೈಟು ಕೊಂಡು ಮಾರುವ ವ್ಯವಹಾರಕ್ಕೆ ಇಳಿದ. ಕೈ ಹತ್ತಿತು. ನೋಡುನೋಡುತ್ತಲೇ ಅವನು ಊರಿಗೆಲ್ಲ "ಅಣ್ಣ" ಆದ.

ಅವನು ಕೆಟ್ಟವನಲ್ಲ. ಕುಡಿದು ಬಂದು ಹೊಡೆಯುವವನಲ್ಲ, ಬೇರೆ ಸಂಬಂಧ ಗಿಂಬಂಧ ಇಲ್ಲ. ಹಾಗಿದ್ದೂ ಮನೆ ಕೆಟ್ಟಿತು. ದುಡ್ಡು ಬಂದು ಮನೆ ಕೆಟ್ಟಿತು ಅಂದರೆ ಜನ ತಕ್ಷಣ ಕುಡಿತ, ಇಸ್ಪೀಟು ಅಂತಾರೆ. ಅದ್ಯಾವುದೂ ಇಲ್ಲದೆಯೂ ಕೆಡುತ್ತದೆ.

ಮೊದಲು ಕೆಟ್ಟಿದ್ದು ಮುಯ್ಯಿ. ನಮ್ಮಲ್ಲಿ ಮದುವೆ, ಗೃಹಪ್ರವೇಶಕ್ಕೆ ಮುಯ್ಯಿ ಮಾಡುವುದು ಲೆಕ್ಕ ಇಟ್ಟುಕೊಂಡು. ಅವರು ನಮಗೆ ಐನೂರು ಮಾಡಿದ್ದರೆ ನಾವು ಅವರಿಗೆ ಐನೂರಕ್ಕೆ ಸ್ವಲ್ಪ ಸೇರಿಸಿ ಮಾಡುತ್ತೇವೆ. ತಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಚಿನ್ನದ ಉಂಗುರ ತೊಡಿಸಿದ. ಪ್ರೀತಿಯಿಂದಲೇ ತೊಡಿಸಿದ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದನ್ನು ತಿರುಗಿಸುವ ಶಕ್ತಿ ಚಿಕ್ಕಪ್ಪನಿಗೆ ಎಲ್ಲಿದೆ? ಮುಂದೆ ತಮ್ಮನ ಮನೆ ಗೃಹಪ್ರವೇಶಕ್ಕೆ ಅವರು ಬರಲೇ ಇಲ್ಲ. ಬರಿಗೈಲಿ ಬರೋಕೆ ಮನಸ್ಸಾಗಲಿಲ್ಲ ಅಂತ ಚಿಕ್ಕಮ್ಮ ಆಮೇಲೆ ನನ್ನ ಹತ್ತಿರ ಅತ್ತರು. ತಮ್ಮನ ಹೆಂಡತಿ ಉಂಗುರ ಬೇಡ ಅಂತ ಮೊದಲೇ ಹೇಳಿದ್ದಳಂತೆ. ನಿನಗೆ ಹೊಟ್ಟೆಕಿಚ್ಚು ಅಂತ ಬೈಸಿಕೊಂಡಿದ್ದಳು.

ಆಮೇಲೆ ಹಳ್ಳಿ ಮನೆ ಬಿಟ್ಟು ಯಲಹಂಕದ ಕಡೆ ಅಪಾರ್ಟ್‌ಮೆಂಟಿಗೆ ಹೋದರು. ಹಸು ಮಾರಿದರು. ಇನ್ಯಾಕೆ ನಿಂಗೆ ಸಗಣಿ ಬಾಚೋ ಕೆಲಸ, ರಾಣಿ ಥರ ಇರು ಅಂದ ತಮ್ಮ. ಕೇಳೋಕೆ ಚೆನ್ನಾಗಿದೆ ಅಲ್ವಾ? ನನಗೂ ಆಗ ಚೆನ್ನಾಗೇ ಕೇಳಿಸಿತು. ಅವನ ಹುಟ್ಟುಹಬ್ಬಕ್ಕೆ ಹುಡುಗರು ಊರ ಬಾಗಿಲಿಗೆ ಫ್ಲೆಕ್ಸ್ ಕಟ್ಟಿದರು. ಅದರ ತುಂಬಾ ಸ್ನೇಹಿತರು, ಪಂಚಾಯ್ತಿ ಸದಸ್ಯರು, ಎಲ್ಲರ ಫೋಟೋ ಇತ್ತು. ಹೆಂಡತಿಯ ಫೋಟೋ ಇರಲಿಲ್ಲ. ಒಂದು ದಿನ ಅವಳು ಬಟ್ಟೆ ಜೋಡಿಸಿಕೊಂಡು ಮಗಳ ಜೊತೆ ತವರಿಗೆ ಹೋದಳು. ಮಗ ಅಪ್ಪನ ಹತ್ತಿರ ಉಳಿದ.

ಕೋರ್ಟಿಗೆ ಹೋಗುವ ಮುಂಚೆ ಯಾರೋ ಹೇಳಿದರು ಅಂತ ಒಬ್ಬ ಖಾಸಗಿ ಕೌನ್ಸೆಲರ್ ಹತ್ತಿರ ಹೋಗಿದ್ದರು. ಹೆಸರು ಬೇಡ. ಫೀಸು ತೆಗೆದುಕೊಂಡು ಅವರು ಹೇಳಿದ್ದಿಷ್ಟೇ, ಗಂಡ ಇಷ್ಟು ಮೇಲೆ ಬಂದಿರುವಾಗ ನೀನೂ ಸ್ವಲ್ಪ ಬದಲಾಗಬೇಕಮ್ಮ, ಇಂಗ್ಲಿಷ್ ಕಲಿ, ಡ್ರೆಸ್ ಸೆನ್ಸ್ ಬೆಳೆಸಿಕೋ. ಅವಳು ಎದ್ದು ಬಂದಳು. ಅಲ್ಲಿಂದಲೇ ವಕೀಲರ ಹತ್ತಿರ ಹೋಗಿದ್ದು.

ಈಗ ಕೇಂದ್ರದ ವಿಷಯ. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಶುರುವಾಗಿದ್ದು ಇದು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಕೋರ್ಟು ಕಳಿಸಿದ ಕೇಸಿಗೆ ಎರಡೂ ಕಡೆಯವರು ಮೀಡಿಯೇಟರಿಗೆ ಫೀಸು ಕೊಡಬೇಕಾಗಿಲ್ಲ. ಕೂರುವವರು ಇದಕ್ಕೆ ಅಂತಲೇ ತರಬೇತಿ ಪಡೆದ ವಕೀಲರು. ಅವರು ಜಡ್ಜ್ ಅಲ್ಲ, ತೀರ್ಪು ಕೊಡುವುದಿಲ್ಲ. ಯಾರದು ಸರಿ ಯಾರದು ತಪ್ಪು ಅಂತ ಹೇಳುವುದಿಲ್ಲ. ನಮ್ಮಮ್ಮನಿಗೆ ಇದು ಅರ್ಥ ಆಗಲು ಬಹಳ ಹೊತ್ತು ಹಿಡಿಯಿತು, ಅವರು ಊರಿನ ಪಂಚಾಯ್ತಿ ಕಟ್ಟೆಯ ಥರ ಯಾರಿಗೋ ಒಬ್ಬರಿಗೆ ಬುದ್ಧಿ ಹೇಳಿ ಕಳಿಸುತ್ತಾರೆ ಅಂದುಕೊಂಡಿದ್ದರು.

ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ರಾಜಿ ಆಗದಿದ್ದರೆ ಕೋರ್ಟಿಗೆ ಆಗಲಿಲ್ಲ ಅಂತಷ್ಟೇ ತಿಳಿಸುತ್ತೇವೆ, ಯಾರು ಏನಂದರು ಅಂತ ಹೇಳುವುದಿಲ್ಲ ಅಂತ ವಿವರಿಸುತ್ತಾರೆ. ಆಮೇಲೆ ಬೇಕಿದ್ದರೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆಯುತ್ತಾರೆ. ಈ ಪ್ರತ್ಯೇಕ ಮಾತೇ ನಮ್ಮ ಕೇಸಿನಲ್ಲಿ ಕೆಲಸ ಮಾಡಿದ್ದು. ಅರ್ಜಿಯಲ್ಲಿ ವಕೀಲರು ಬರೆದಿದ್ದು ಮಾನಸಿಕ ಕ್ರೌರ್ಯ, ನಿರ್ಲಕ್ಷ್ಯ ಅಂತೆಲ್ಲ. ಪ್ರತಿಯೊಂದಕ್ಕೂ ತಮ್ಮ ಉತ್ತರ ಇಟ್ಟುಕೊಂಡಿದ್ದ. ಏನು ಕಮ್ಮಿ ಮಾಡಿದೀನಿ, ಮನೆ ಇದೆ, ಕಾರಿದೆ, ಕೆಲಸದವಳಿದ್ದಾಳೆ ಅನ್ನುತ್ತಿದ್ದ.

ಅಲ್ಲಿದ್ದ ಮೀಡಿಯೇಟರ್ ಮೇಡಂ ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದ ಪ್ರಶ್ನೆ ಬೇರೆ. ಜಮೀನು ಹೋಗುವ ಮುಂಚೆ ನಿನ್ನ ದಿನ ಹೇಗಿರುತ್ತಿತ್ತು ಹೇಳಮ್ಮ ಅಂದರಂತೆ. ಅವಳು ಹೇಳುತ್ತಾ ಹೋದಳಂತೆ. ಬೆಳಗಾಗುವ ಮುಂಚೆ ಹಾಲು ಕರೆದು ಡೈರಿಗೆ ಹಾಕುತ್ತಿದ್ದದ್ದು, ಡೈರಿ ಪುಸ್ತಕ ತನ್ನ ಹೆಸರಲ್ಲೇ ಇದ್ದದ್ದು, ಬಟವಾಡೆ ದುಡ್ಡು ತನ್ನ ಕೈಗೇ ಬರುತ್ತಿದ್ದದ್ದು, ಸರ್ಕಾರ ಲೀಟರಿಗೆ ಐದು ರೂಪಾಯಿ ಕೊಡುವ ಪ್ರೋತ್ಸಾಹಧನ ಕೂಡ ತನ್ನ ಖಾತೆಗೇ ಬೀಳುತ್ತಿದ್ದದ್ದು. ಅದರಲ್ಲಿ ಮಕ್ಕಳ ಫೀಸು, ಬೂಸಾ, ಹಿಂಡಿ, ಸಂಘದ ಸಾಲದ ಕಂತು, ತಂಗಿ ಬಾಣಂತನಕ್ಕೆ ಬಂದಾಗ ಸೀರೆ, ಎಲ್ಲ ಅವಳದೇ ಲೆಕ್ಕ. ಯಾರನ್ನೂ ಕೇಳಬೇಕಾಗಿರಲಿಲ್ಲ. ಕಷ್ಟ ಬಂದಾಗ ಗಂಡನೇ ಅವಳನ್ನು ಕೇಳುತ್ತಿದ್ದ.

ಜಮೀನಿನ ದುಡ್ಡು ಬಂದ ದಿನದಿಂದ ಅವಳ ಕೈಯಲ್ಲಿ ಒಂದು ರೂಪಾಯಿ ತನ್ನದು ಅಂತ ಇಲ್ಲ. ಕೋಟಿ ಮನೆಗೆ ಬಂದಿದೆ, ಆದರೆ ತರಕಾರಿಗೆ ಕೇಳಬೇಕು, ತವರಿಗೆ ಹೋಗೋಕೆ ಬಸ್ಸಿನ ದುಡ್ಡಿಗೆ ಕೇಳಬೇಕು. ಅವನು ಇಲ್ಲ ಅನ್ನುತ್ತಿರಲಿಲ್ಲ, ಐನೂರು ಕೇಳಿದರೆ ಐದು ಸಾವಿರ ಕೊಡುತ್ತಿದ್ದ. ಆದರೆ ಕೊಡುವವನು ಅವನು, ಕೇಳುವವಳು ಇವಳು. ಇಷ್ಟು ವರ್ಷ ನಾವೂ ಈ ಮನೆಯಲ್ಲಿ ಓಡಾಡಿಕೊಂಡು ಇದ್ದೆವು, ನಮ್ಮ ಯಾರ ತಲೆಗೂ ಇದು ಹೊಳೆದಿರಲಿಲ್ಲ. ಅವಳ ಬಾಯಿಂದಲೂ ಸರಿಯಾಗಿ ಬಂದಿರಲಿಲ್ಲ. ನನಗೆ ಅಲ್ಲಿ ಉಸಿರು ಕಟ್ಟುತ್ತೆ ಅಂತ ಮಾತ್ರ ಹೇಳುತ್ತಿದ್ದಳು.

ಅವಳು ಒಪ್ಪಿದ ಮೇಲೆ ಮೇಡಂ ಅದನ್ನು ತಮ್ಮನ ಮುಂದೆ ಇಟ್ಟರು. ಅವನು ತುಂಬಾ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ನಾನು ಅವಳಿಗೆ ಸುಖ ಕೊಡ್ತಿದೀನಿ ಅಂದ್ಕೊಂಡಿದ್ದೆ ಮೇಡಂ ಅಂದನಂತೆ. ಅಲ್ಲಿಂದ ಮಾತಿನ ದಾರಿ ಬದಲಾಯಿತು.

ಇನ್ನೊಂದು ಗಂಟು ನಮ್ಮದು, ಹೆಣ್ಣುಮಕ್ಕಳದು. ಜಮೀನು ಪಿತ್ರಾರ್ಜಿತ. ಪರಿಹಾರ ಬರುವ ಹೊತ್ತಿನಲ್ಲಿ ನನ್ನನ್ನೂ ತಂಗಿಯನ್ನೂ ಕರೆಸಿ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ನೋಡಿದ್ದರು. ತಂಗಿ ಹಾಕಲಿಲ್ಲ. ಅಲ್ಲಿಂದ ತಂಗಿಗೂ ತಮ್ಮನಿಗೂ ಮಾತಿಲ್ಲ, ಗೌರಿ ಹಬ್ಬಕ್ಕೆ ಬಾಗಿನವೂ ಇಲ್ಲ. ಕಾನೂನು ಈಗ ಸ್ಪಷ್ಟವಾಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು, ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಂಡ ಹೆಂಡತಿ ಜಗಳದ ಬುಡದಲ್ಲಿ ಇದೂ ಇತ್ತು. ತಮ್ಮನ ಹೆಂಡತಿ ತಂಗಿಯ ಪರ ಮಾತಾಡಿದ್ದಕ್ಕೆ ಮನೆಮುರುಕಿ ಅನ್ನಿಸಿಕೊಂಡಿದ್ದಳು. ಎರಡೂ ಕಡೆಯವರು ಒಪ್ಪಿದ್ದರಿಂದ ನಮ್ಮಿಬ್ಬರನ್ನೂ ಒಂದು ಸಲ ಒಳಗೆ ಕರೆದರು. ತಂಗಿ ಅಳುತ್ತಾ ಹೇಳಿದ್ದು ಒಂದೇ ಮಾತು, ನನಗೆ ಎಷ್ಟು ಅಂತಲ್ಲ, ನನ್ನನ್ನ ಕೇಳಲೇ ಇಲ್ಲವಲ್ಲ ಅಂತ.

ಕೊನೆಗೆ ಬರೆದುಕೊಂಡ ಒಪ್ಪಂದದಲ್ಲಿ ಇದ್ದದ್ದು ಇಷ್ಟು. ಅಪಾರ್ಟ್‌ಮೆಂಟ್ ಇಬ್ಬರ ಹೆಸರಿಗೂ ಆಗಬೇಕು, ಬಾಡಿಗೆಗೆ ಕೊಟ್ಟು ಹಳ್ಳಿ ಮನೆಗೆ ವಾಪಸ್ ಹೋಗಬೇಕು. ಮಕ್ಕಳ ಹೆಸರಿಗೆ ಠೇವಣಿ. ಮನೆ ಹಿಂದೆ ಉಳಿದಿರುವ ಇಪ್ಪತ್ತು ಗುಂಟೆಯಲ್ಲಿ ಮೇವು ಬೆಳೆದು ಎರಡು ಹಸು ಕಟ್ಟಬೇಕು, ಡೈರಿ ಪುಸ್ತಕ ಅವಳ ಹೆಸರಲ್ಲಿ. ಹಸುವಿನ ಷರತ್ತು ಹಾಕಿಸಿದ್ದು ಅವಳೇ. ತಂಗಿಗೂ ನನಗೂ ಎಷ್ಟು ಅಂತ ಬೇರೆ ಬರಹ ಆಯಿತು. ಇಬ್ಬರೂ ಸಹಿ ಹಾಕಿದ ಒಪ್ಪಂದ ಕೋರ್ಟಿಗೆ ಹೋಗಿ ಅದರ ಪ್ರಕಾರ ಆದೇಶ ಆಗುತ್ತದೆ, ಆದ್ದರಿಂದ ಬಾಯಿ ಮಾತಿನ ರಾಜಿಯ ಥರ ನಾಳೆ ಜಾರಿಕೊಳ್ಳಲು ಆಗುವುದಿಲ್ಲ.

ಎಲ್ಲ ಸರಿ ಹೋಗಿದೆ ಅಂತ ಹೇಳುವುದಿಲ್ಲ. ಮಗ ಹಳ್ಳಿಗೆ ಬರಲು ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಸೈಟು ವ್ಯವಹಾರದಲ್ಲಿ ಎಷ್ಟು ಹಾಕುವುದು ಅಂತ ಗಂಡ ಹೆಂಡತಿಗೆ ಈಗಲೂ ವಾದ ನಡೆಯುತ್ತದೆ, ಆದರೆ ಈಗ ಅದು ವಾದ, ಅವಳ ಮಾತಿಗೂ ಅಲ್ಲಿ ಜಾಗ ಇದೆ. ಇದರ ಜೊತೆಗೆ ಒಂದು ಮಾತು. ಹಾಗೇ ಬೇರೆಯಾಗಲು ನಿರ್ಧರಿಸಿದವರಿಗೂ ಮೀಡಿಯೇಷನ್ ಉಪಯೋಗ ಆಗುತ್ತದೆ. ಪರಸ್ಪರ ಒಪ್ಪಿ ವಿಚ್ಛೇದನ ಪಡೆಯುವವರು ಆಸ್ತಿ, ಮಕ್ಕಳ ವಿಷಯ ಇಲ್ಲೇ ಕೂತು ಬಗೆಹರಿಸಿಕೊಳ್ಳುತ್ತಾರೆ. ಅಂಥ ಅರ್ಜಿಗೆ ಆರು ತಿಂಗಳು ಕಾಯಬೇಕು ಅನ್ನುವ ನಿಯಮವನ್ನು ಸರಿಯಾದ ಕಾರಣ ಇದ್ದರೆ ಕೋರ್ಟು ಸಡಿಲಿಸಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರನ್ನೂ ಬಲವಂತವಾಗಿ ಕೂಡಿಸಿ ಕಳಿಸುವ ಜಾಗ ಇದಲ್ಲ.

ಯಾರು ಹೋಗಬಾರದು ಅನ್ನುವುದನ್ನೂ ಹೇಳಲೇಬೇಕು. ಮನೆಯಲ್ಲಿ ಹೊಡೆತ, ಪ್ರಾಣಭಯ ಇದ್ದರೆ ರಾಜಿ ಮಾತಿಗೆ ಮೊದಲೇ ಕೂರಬೇಡಿ. 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಭಯದಲ್ಲಿ ಇರುವವರು ಎದುರಿಗಿರುವವನ ಮುಖ ನೋಡಿಕೊಂಡೇ ಎಲ್ಲದಕ್ಕೂ ಹೂಂ ಅನ್ನುತ್ತಾರೆ, ಅಂಥ ಒಪ್ಪಂದ ಒಪ್ಪಂದವೇ ಅಲ್ಲ.

ಹೋಗುವವರಿಗೆ ಒಂದೆರಡು ಮಾತು. ಕೋರ್ಟು ತಾನಾಗಿ ಕಳಿಸುವವರೆಗೂ ಕಾಯಬೇಡಿ, ನಮ್ಮನ್ನು ಮೀಡಿಯೇಷನ್‌ಗೆ ಕಳಿಸಿ ಅಂತ ನಿಮ್ಮ ವಕೀಲರ ಮೂಲಕ ನೀವೇ ಕೇಳಬಹುದು. ಇನ್ನೂ ಕೇಸೇ ಹಾಕಿಲ್ಲ ಅಂದರೆ ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹೆಂಗಸರು ಸುಮ್ಮನೆ ಕೂರಬೇಕಾಗಿಲ್ಲ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ, 15100ಕ್ಕೆ ಫೋನ್ ಮಾಡಿ ಕೇಳಿ. ಗಂಡನ ಹೆಸರಲ್ಲಿ ಕೋಟಿ ಇದೆಯಲ್ಲ, ನಮಗೆ ಸಿಗುತ್ತಾ ಅಂತ ತಮ್ಮನ ಹೆಂಡತಿಗೂ ಅನುಮಾನ ಇತ್ತು. ಸಿಗುತ್ತದೆ. ಪಾಸ್‌ಬುಕ್, ಪರಿಹಾರದ ಆದೇಶದ ಪ್ರತಿ, ಪಹಣಿ ಇದ್ದರೆ ಕೈಯಲ್ಲಿ ಇಟ್ಟುಕೊಂಡು ಹೋಗಿ. ಜೊತೆಗೆ ಬರುವ ನೆಂಟರನ್ನು ಆದಷ್ಟು ಕಮ್ಮಿ ಮಾಡಿ. ಕಾರಿಡಾರಿನಲ್ಲಿ ನಿಂತು ಎರಡೂ ಕಡೆಯ ಮಾವಂದಿರು ಮಾತು ಬೆಳೆಸುವುದನ್ನು ನೋಡಿದ್ದೇನೆ, ಒಳಗೆ ಗಂಡ ಹೆಂಡತಿ ಅಷ್ಟು ಹೊತ್ತು ಕೂತು ಬಿಡಿಸಿದ ಗಂಟನ್ನು ಇವರು ಹೊರಗೆ ಮತ್ತೆ ಹಾಕಿಬಿಡುತ್ತಾರೆ.