ದಪ್ಪ ಮೈಗೆ ಹೊಲಿಸಿದ ಆಫೀಸ್ ಪ್ಯಾಂಟು-ಶರ್ಟು: ಕಾರವಾರದ ಬೆವರು, ಮಳೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಎದೆ 46 ಇಂಚು, ಹೊಟ್ಟೆ 50, ಸೀಟು (ಕುಂಡೆಯ ಸುತ್ತಳತೆ) 49. ಈ ಅಳತೆಯ ಮೈಗೆ ಕಾರವಾರದಲ್ಲಿ ದರ್ಜಿಯ ಹತ್ತಿರ ಹೊಲಿಸಿ, ಬೇಸಿಗೆ ಮಳೆಗಾಲ ಎನ್ನದೆ ವರ್ಷಗಟ್ಟಲೆ ಆಫೀಸಿಗೆ ಹಾಕಿದ ಪ್ಯಾಂಟು-ಶರ್ಟುಗಳ ವಿಮರ್ಶೆ ಇದು. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಪ್ಯಾಂಟಿಗೆ 5ಕ್ಕೆ 4.5, ಶರ್ಟಿಗೆ 4. ಅಂಕ ಕಡಿಮೆಯಾದದ್ದು ಬಟ್ಟೆಯ ದೋಷಕ್ಕಲ್ಲ. ಏನೂ ಹೇಳದೆ ಬಿಟ್ಟರೆ ಹೆಚ್ಚಿನ ದರ್ಜಿಗಳು ದಪ್ಪ ಮೈಗೂ ಸಪೂರ ಮೈಯ ಲೆಕ್ಕದಲ್ಲೇ ಕತ್ತರಿಸುತ್ತಾರೆ. ಹೇಳಿ ಹೊಲಿಸಿಕೊಂಡರೆ ರೆಡಿಮೇಡು ಹತ್ತಿರಕ್ಕೂ ಬರುವುದಿಲ್ಲ.

ದೊಡ್ಡ ಸೈಜಿಗೆಂದು ಹುಬ್ಬಳ್ಳಿಗೋ ಮಡಗಾಂವಿಗೋ ಹೋಗುವವರು ನಮ್ಮಲ್ಲಿ ಬಹಳ. ಅಲ್ಲಿ 3ಎಕ್ಸ್ಎಲ್ ಸಿಗುತ್ತದೆ, ನಿಜ. ಆದರೆ ಕಂಪನಿಯವರು ಸೈಜು ಏರಿಸುವಾಗ ಹೊಟ್ಟೆಯ ಜೊತೆಗೆ ಭುಜ, ತೋಳಿನ ಉದ್ದ, ಕಂಕುಳ ಎಲ್ಲವನ್ನೂ ಏರಿಸುತ್ತಾರೆ. ಮೈ ಹಾಗೆ ಬೆಳೆಯುವುದಿಲ್ಲ. ಹೊಟ್ಟೆ ನಾಲ್ಕು ಇಂಚು ಬಂದರೂ ಭುಜದ ಮೂಳೆ ಇದ್ದಲ್ಲೇ ಇರುತ್ತದೆ. ಹೊಟ್ಟೆಗೆ ಸರಿಯಾದ ಶರ್ಟು ತೆಗೆದುಕೊಂಡರೆ ಭುಜದ ಹೊಲಿಗೆ ತೋಳಿನ ಮೇಲೆ ಜಾರಿ ಕೂತು, ಆಳು ಇನ್ನೂ ಅಗಲವಾಗಿ ಕಾಣುತ್ತಾನೆ. ಭುಜಕ್ಕೆ ಸರಿಯಾದದ್ದು ತಂದರೆ ಹೊಟ್ಟೆಯ ಹತ್ತಿರ ಎರಡು ಗುಂಡಿಗಳ ನಡುವೆ ಬನಿಯನ್ ಇಣುಕುತ್ತದೆ. ಹೊಟ್ಟೆಗೆ ಸರಿಯಾದದ್ದನ್ನು ತಂದು ಭುಜ ಚಿಕ್ಕದು ಮಾಡಿಸೋಣವೆಂದರೆ ತೋಳು ಪೂರ್ತಿ ಬಿಚ್ಚಬೇಕು. ಅಷ್ಟು ಕೆಲಸಕ್ಕೆ ಹೊಸತು ಹೊಲಿಸುವುದೇ ಲೇಸು.

ಬಟ್ಟೆಯ ಲೆಕ್ಕ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. 58 ಇಂಚು ಪನ್ನಾದ (ಅಗಲದ) ಬಟ್ಟೆಯಾದರೆ ಅರ್ಧ ತೋಳಿನ ಶರ್ಟಿಗೆ 2 ಮೀಟರ್, ಪೂರ್ತಿ ತೋಳಿಗೆ 2.25, ಪ್ಯಾಂಟಿಗೆ 1.5 ಮೀಟರ್ ಹಿಡಿಯಿರಿ. ಶರ್ಟಿನ ಸುತ್ತಳತೆಯೇ 55 ಇಂಚಿಗೆ ಬಂದಾಗ ಹಿಂಭಾಗ, ಮುಂಭಾಗ ಎರಡಕ್ಕೇ ಪನ್ನಾ ಮುಗಿಯುತ್ತದೆ. ತೋಳನ್ನು ಉದ್ದದಲ್ಲೇ ತೆಗೆಯಬೇಕಾಗುತ್ತದೆ. ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬರುವ ಪೀಸುಗಳಲ್ಲಿ ಸಾಮಾನ್ಯವಾಗಿ ಶರ್ಟಿಗೆ 1.6, ಪ್ಯಾಂಟಿಗೆ 1.2 ಮೀಟರ್ ಇರುತ್ತದೆ. ‘ಅಡ್ಜಸ್ಟ್ ಮಾಡುವಾ’ ಎಂದು ದರ್ಜಿ ಹೇಳಿದರೆ ಒಪ್ಪಬೇಡಿ. ಆ ಅಡ್ಜಸ್ಟು ಎಂದರೆ ಕಾಲು ಕೂಡುವಲ್ಲಿ ಒಂದು ತುಂಡು ಜೋಡಿಸುವುದು, ಮುಂದೆ ಬಿಚ್ಚಿ ಅಗಲ ಮಾಡಲು ಬೇಕಾದ ಒಳಗಿನ ಮಾರ್ಜಿನ್ ಬಿಡದೆ ಹೊಲಿಯುವುದು. ಎರಡೂ ಮುಂದೆ ಕಾಡುತ್ತವೆ. ಆ ಪೀಸನ್ನು ಮನೆಯಲ್ಲಿ ಬೇರೆಯವರಿಗೆ ಕೊಡಿ.

ಹತ್ತಿ ಬಟ್ಟೆಯನ್ನು ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿಯೇ ಹೊಲಿಯಲು ಕೊಡಬೇಕು. ನೂರಕ್ಕೆ ಮೂರು ಪಾಲು ಕುಗ್ಗಿದರೂ 55 ಇಂಚಿನ ಸುತ್ತಳತೆಯಲ್ಲಿ ಒಂದೂವರೆ ಇಂಚಿಗೂ ಹೆಚ್ಚು ಹೋಗುತ್ತದೆ. ಸಪೂರ ಮೈಯವರಿಗೆ ಇದು ಗೊತ್ತೇ ಆಗುವುದಿಲ್ಲ, ನಮಗೆ ಶರ್ಟೇ ಹೋಗುತ್ತದೆ.

ಶರ್ಟಿನ ಅಳತೆ ಕೊಡುವಾಗ ಹೊಟ್ಟೆಯದ್ದನ್ನು ಎರಡು ಸಲ ತೆಗೆಯಲು ಹೇಳಿ: ನಿಂತು ಒಮ್ಮೆ, ಕೂತು ಒಮ್ಮೆ. ನಿಂತಾಗ 50 ಇದ್ದದ್ದು ಕೂತಾಗ 52 ಆಗುತ್ತದೆ, ಆಫೀಸಿನಲ್ಲಿ ದಿನವಿಡೀ ಕೂತೇ ಇರುತ್ತೇವೆ. ಕೂತ ಅಳತೆಗೆ 3 ಇಂಚು ಸೇರಿಸಿದರೆ ಸಾಕು. ಅದಕ್ಕಿಂತ ಲೂಸ್ ಬಿಟ್ಟರೆ ಇನ್‌ಶರ್ಟ್ ಮಾಡಿದಾಗ ಸೊಂಟದ ಸುತ್ತ ಬಟ್ಟೆ ಉಬ್ಬಿ ನಿಲ್ಲುತ್ತದೆ. ಆ 55 ಇಂಚನ್ನು ಹಿಂದೆ ಮುಂದೆ ಸಮ ಹಂಚಬಾರದು. ಹೊಟ್ಟೆ ಇರುವುದು ಮುಂದೆ. ಮುಂಭಾಗಕ್ಕೆ ಹಿಂಭಾಗಕ್ಕಿಂತ ಎರಡು ಇಂಚು ಹೆಚ್ಚು ಸಿಗಬೇಕು. ಸಮ ಹಂಚಿದ ಶರ್ಟಿನಲ್ಲಿ ಪಕ್ಕದ ಹೊಲಿಗೆ ಮುಂದಕ್ಕೆ ಎಳೆದುಕೊಂಡು ಓರೆಯಾಗಿ ನಿಲ್ಲುತ್ತದೆ. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತರೆ ಈ ದೋಷ ತಕ್ಷಣ ಕಾಣುತ್ತದೆ.

ಉದ್ದದಲ್ಲೂ ಅದೇ ಕಥೆ. ಬಟ್ಟೆ ಹೊಟ್ಟೆಯ ಮೇಲೆ ಹತ್ತಿ ಇಳಿಯಬೇಕಾದ್ದರಿಂದ ಮುಂದಿನ ಅಂಚು ಮೇಲಕ್ಕೆ ಏರುತ್ತದೆ. ಮುಂಭಾಗದ ನಡುವೆ ಒಂದರಿಂದ ಒಂದೂಕಾಲು ಇಂಚು ಹೆಚ್ಚು ಇಳಿಸಿ, ಪಕ್ಕದ ಹೊಲಿಗೆಯ ಕಡೆಗೆ ಮೆಲ್ಲಗೆ ಕಡಿಮೆ ಮಾಡುತ್ತ ಹೋಗಬೇಕು. ಇದೊಂದು ಮಾಡಿಸಿದರೆ ಬಗ್ಗಿ ಫೈಲು ತೆಗೆದು ಎದ್ದಾಗ ಇನ್‌ಶರ್ಟ್ ಕಳಚಿ ಬರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಗುಂಡಿಗಳ ನಡುವೆ ಸಾಮಾನ್ಯವಾಗಿ ಮೂರೂವರೆ ಇಂಚು ಬಿಡುತ್ತಾರೆ. ಮೂರು ಇಂಚಿಗೆ ಇಳಿಸಿ. ಒಂದು ಗುಂಡಿ ಎದೆಯ ತುಂಬು ಭಾಗಕ್ಕೆ, ಇನ್ನೊಂದು ಹೊಟ್ಟೆಯ ಅತಿ ಮುಂದಿನ ಜಾಗಕ್ಕೆ ಸರಿಯಾಗಿ ಬರುವಂತೆ ಕಾಜಾ ಹಾಕುವ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಗುರುತು ಹಾಕುವಾಗ ಮೈಮೇಲೆ ಶರ್ಟು ಇರಬೇಕು, ಮೇಜಿನ ಮೇಲಲ್ಲ.

ಕಂಕುಳ ಆಳವಾದಷ್ಟೂ ಗಾಳಿಯಾಡುತ್ತದೆ ಎಂಬ ನಂಬಿಕೆ ಇದೆ. ಆದರೆ ಆಳವಾದ ಕಂಕುಳದ ಶರ್ಟಿನಲ್ಲಿ ಕೈ ಎತ್ತಿದರೆ ಇಡೀ ಶರ್ಟು ಎದ್ದು ಬರುತ್ತದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ಅಂಕೋಲಾದಿಂದ ಓಡಾಡುವವರಿಗೆ ಇದು ದಿನದ ಪೀಡೆ. ಕಂಕುಳ ಮೈಗೆ ಹತ್ತಿರವಿರಲಿ, ಲೂಸನ್ನು ತೋಳಿನ ಸುತ್ತಳತೆಗೆ ಕೊಡಲಿ. ಬೆನ್ನಿಗೆ ಭುಜಪಟ್ಟಿಯ ಕೆಳಗೆ ಎರಡೂ ಬದಿ ಒಂದೊಂದು ಪ್ಲೀಟು ಸಾಕು. ಬೆನ್ನಲ್ಲಿ ಡಾರ್ಟು (ಮೈಗೆ ಬಿಗಿಯಾಗಲು ಹಾಕುವ ಚೂಪು ಮಡಿಕೆ ಹೊಲಿಗೆ) ಬೇಡವೇ ಬೇಡ. ಕುತ್ತಿಗೆ ಗಿಡ್ಡ, ದಪ್ಪ ಇದ್ದರೆ ಕಾಲರಿನ ಪಟ್ಟಿ ಒಂದೂಕಾಲು ಇಂಚು ದಾಟಬಾರದು, ಇಲ್ಲವಾದರೆ ಗದ್ದ ಕಾಲರಿಗೆ ತಾಗಿ ಮಧ್ಯಾಹ್ನದೊಳಗೆ ಅಂಚು ಕಪ್ಪಾಗುತ್ತದೆ. ಜೇಬು ಐದೂಕಾಲು ಇಂಚು ಅಗಲ ಇರಲಿ. ಅಗಲ ಎದೆಯ ಮೇಲೆ ನಾಲ್ಕೂವರೆ ಇಂಚಿನ ಜೇಬು ಮಕ್ಕಳ ಶರ್ಟಿನದನ್ನು ತಂದು ಹಚ್ಚಿದಂತೆ ಕಾಣುತ್ತದೆ.

ಇನ್ನು ಪ್ಯಾಂಟು. ಹೊಲಿಸಿದ್ದರ ಬೆಲೆ ನಿಜವಾಗಿ ತಿಳಿಯುವುದು ಇದರಲ್ಲಿ.

ಪ್ಯಾಂಟು ಎಲ್ಲಿ ಕಟ್ಟುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಹೊಟ್ಟೆಯ ಕೆಳಗೆ ಕಟ್ಟುವವರೇ ಹೆಚ್ಚು. ಅಂಥ ಪ್ಯಾಂಟು ನಡೆಯುತ್ತ ನಡೆಯುತ್ತ ಇಳಿಯುತ್ತದೆ, ಏಕೆಂದರೆ ಅದನ್ನು ಹಿಡಿದಿಡಲು ಅಲ್ಲಿ ಮೈಯ ಆಕಾರದ ಸಹಾಯವಿಲ್ಲ. ಬೆಲ್ಟು ಬಿಗಿದಷ್ಟೂ ಹೊಟ್ಟೆ ಅದರ ಮೇಲೆ ಮಡಚಿ ಬೀಳುತ್ತದೆ. ಹೊಕ್ಕುಳದ ಮಟ್ಟಕ್ಕೆ ಕಟ್ಟಿದರೆ ಬಟ್ಟೆ ಹೊಟ್ಟೆಯಿಂದ ಪಾದದವರೆಗೆ ನೇರ ಇಳಿದು ಕಾಲು ಉದ್ದ ಕಾಣುತ್ತದೆ. ನನ್ನ ಒಲವು ಇದಕ್ಕೇ. ಕೂತಾಗ ಒತ್ತದಿರಲು ಬೆಲ್ಟುಪಟ್ಟಿಯ ಎರಡೂ ಪಕ್ಕದಲ್ಲಿ ಒಳಗಡೆ ಮೂರು ಮೂರು ಇಂಚು ಎಲಾಸ್ಟಿಕ್ ಹಾಕಿಸಿ, ಹೊರಗೆ ಕಾಣುವುದಿಲ್ಲ. ಹೊಟ್ಟೆಯ ಕೆಳಗೇ ಅಭ್ಯಾಸವಾದವರು ಹಿಂಭಾಗದ ಎತ್ತರವನ್ನು ಮುಂಭಾಗಕ್ಕಿಂತ ಎರಡೂವರೆಯಿಂದ ಮೂರು ಇಂಚು ಹೆಚ್ಚಿಡಲು ಹೇಳಬೇಕು. ಅದು ಮಾಡದಿದ್ದರೆ ಬಗ್ಗಿದಾಗ ಹಿಂದೆ ಕಾಣಬಾರದ್ದು ಕಾಣುತ್ತದೆ.

ಮುಂದೆ ಎರಡೆರಡು ಪ್ಲೀಟು ಇಡಿಸಿ. ಪ್ಲೀಟು ದಪ್ಪ ಕಾಣಿಸುತ್ತದೆಂದು ಅಂಗಡಿಯವರು ಹೇಳುತ್ತಾರೆ. ಸೀಟಿಗೆ ಸಾಕಷ್ಟು ಬಟ್ಟೆ ಇಲ್ಲದಾಗ ಮಾತ್ರ ಅವು ಬಾಯಿ ಬಿಟ್ಟು ಹಾಗೆ ಕಾಣುತ್ತವೆ. ಸೀಟಿಗೆ 3 ಇಂಚು, ತೊಡೆಗೆ 3 ಇಂಚು ಲೂಸು ಕೊಟ್ಟರೆ ನಿಂತಾಗ ಮುಚ್ಚಿರುತ್ತವೆ, ಕೂತಾಗ ತೆರೆದು ಜಾಗ ಕೊಡುತ್ತವೆ. ಪಕ್ಕದ ಜೇಬು ನಿಂತಾಗಲೂ ಕಿವಿಯ ಹಾಗೆ ತೆರೆದಿದ್ದರೆ ಸೀಟು ಕನಿಷ್ಠ ಒಂದು ಇಂಚು ಸಾಲದು ಎಂದೇ ಅರ್ಥ. ಬಾಟಮ್ (ಕಾಲಿನ ಕೆಳ ಅಂಚಿನ ಸುತ್ತಳತೆ) 17 ಇಂಚಿಗಿಂತ ಇಳಿಸಬೇಡಿ. ಬಿಗಿ 14 ಇಂಚಿನ ಬಾಟಮ್ ಕೆಳಗೆ ಸಣ್ಣಗಾದಷ್ಟೂ ಮೇಲಿನದು ದೊಡ್ಡದಾಗಿ ಎದ್ದು ಕಾಣುತ್ತದೆ.

ದಪ್ಪ ಮೈಯವರ ಪ್ಯಾಂಟು ಹಾಳಾಗುವುದು ಒಂದೇ ಜಾಗದಲ್ಲಿ: ಕಾಲು ಕೂಡುವ ಹೊಲಿಗೆಯಿಂದ ಎರಡು ಮೂರು ಇಂಚು ಕೆಳಗೆ, ಒಳತೊಡೆಯಲ್ಲಿ. ತೊಡೆಗೆ ತೊಡೆ ಉಜ್ಜಿ ಮೊದಲು ಸಣ್ಣ ಗಂಟುಗಳೇಳುತ್ತವೆ, ಆಮೇಲೆ ಬಟ್ಟೆ ಜಾಳಾಗಿ ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ, ಕೊನೆಗೆ ತೂತು. ಬೆವರು ಸೇರಿ ಒದ್ದೆಯಾದ ಬಟ್ಟೆ ಇನ್ನೂ ಬೇಗ ಸವೆಯುತ್ತದೆ, ಹಾಗಾಗಿ ಕರಾವಳಿಯಲ್ಲಿ ಈ ಕಾಟ ಘಟ್ಟದ ಮೇಲಿಗಿಂತ ಹೆಚ್ಚು. ಪರಿಹಾರ ಹೊಲಿಯುವಾಗಲೇ ಆಗಬೇಕು. ಕೂಡುವ ಜಾಗದಿಂದ ಎರಡೂ ಕಾಲಿಗೆ ಏಳು ಇಂಚು ಇಳಿಯುವಂತೆ ಅದೇ ಬಟ್ಟೆಯ ತ್ರಿಕೋನ ತುಂಡನ್ನು ಒಳಗಡೆ ಡಬಲ್ ಹಾಕಿಸಿ, ಅಂಚಿಗೆ ಓವರ್‌ಲಾಕ್ ಮಾಡಿಸಿ. ಇಸ್ತ್ರಿ ಶಾಖಕ್ಕೆ ಅಂಟುವ ತೇಪೆ ಬೇಡ: ಬಿರುಸಾಗಿ ಚರ್ಮ ಉಜ್ಜುತ್ತದೆ, ನಾಲ್ಕಾರು ಒಗೆತಕ್ಕೆ ಮೂಲೆ ಏಳುತ್ತದೆ. ಡಬಲ್ ಹಾಕಿದ ಪ್ಯಾಂಟು ಹಾಕದ್ದಕ್ಕಿಂತ ಬಹಳ ಕಾಲ ಹೆಚ್ಚು ಬಾಳುತ್ತದೆ, ಒಳತುಂಡು ಸವೆದರೆ ಅದನ್ನಷ್ಟೇ ಬದಲಾಯಿಸಬಹುದು.

ಸೀಟಿನ ಹೊಲಿಗೆ ಪಾಲಿಯೆಸ್ಟರ್ ನೂಲಿನಲ್ಲಿ, ಸಣ್ಣ ಹೊಲಿಗೆಯಲ್ಲಿ, ಬಟ್ಟೆಯನ್ನು ಸ್ವಲ್ಪ ಎಳೆದು ಹಿಡಿದು ಎರಡು ಸಲ ಹೊಡೆಯಬೇಕು. ಎಳೆಯದೆ ಹೊಲಿದದ್ದು ಬಟ್ಟೆ ಹಿಗ್ಗಿದಾಗ ತಾನು ಹಿಗ್ಗದೆ ಪಟ್ಟನೆ ಹರಿಯುತ್ತದೆ. ಸ್ಕೂಟರಿಗೆ ಕಾಲು ಹಾಕುವಾಗ ಹರಿಯುವುದು ಇದೇ ಕಾರಣಕ್ಕೆ. ಹಿಂದಿನ ನಡುಹೊಲಿಗೆಯಲ್ಲಿ ಮೇಲ್ಗಡೆ ಎರಡೂ ಬದಿ ಒಂದೂವರೆ ಇಂಚು ಮಾರ್ಜಿನ್ ಬಿಡಿಸಿ. ಬೆಲ್ಟುಪಟ್ಟಿಯನ್ನೂ ಅಲ್ಲೇ ಕತ್ತರಿಸಿ ಜೋಡಿಸಲು ಹೇಳಿ. ಪಟ್ಟಿ ಇಡಿಯಾಗಿದ್ದರೆ ಒಳಗೆ ಎಷ್ಟು ಬಟ್ಟೆ ಇದ್ದರೂ ಸೊಂಟ ಬಿಚ್ಚಲು ಬರುವುದಿಲ್ಲ.

ಬಟ್ಟೆಯ ಆಯ್ಕೆಯಲ್ಲಿ ಪ್ಯಾಂಟಿಗೆ ಪಾಲಿಯೆಸ್ಟರ್-ವಿಸ್ಕೋಸ್ 65:35ರ ಟ್ವಿಲ್ ಎಲ್ಲಕ್ಕಿಂತ ಚೆನ್ನಾಗಿ ಬಾಳಿದೆ. ರಾತ್ರಿ ಒಗೆದು ಫ್ಯಾನಿನ ಕೆಳಗೆ ಹಾಕಿದರೆ ಮಳೆಗಾಲದಲ್ಲೂ ಬೆಳಿಗ್ಗೆಗೆ ತೊಡುವ ಸ್ಥಿತಿಗೆ ಬರುತ್ತದೆ. ಶುದ್ಧ ಹತ್ತಿ ಪ್ಯಾಂಟು ಎರಡು ದಿನ ಹಸಿಯಾಗಿಯೇ ಇದ್ದು ಮುಗ್ಗುಲು ವಾಸನೆ ಹಿಡಿಯುತ್ತದೆ. ಲಿನನ್ ಬೇಸಿಗೆಗೆ ತಂಪು. ಆದರೆ ಹೊಟ್ಟೆಯ ಕೆಳಗೆ, ತೊಡೆಯ ಸಂದಿನಲ್ಲಿ ಬೀಳುವ ಸುಕ್ಕು ಮಧ್ಯಾಹ್ನದ ಸಭೆಗೆ ಮುಜುಗರ. ಶರ್ಟಿಗೆ ಅಕ್ಟೋಬರಿನಿಂದ ಮೇವರೆಗೆ ಹತ್ತಿ ಪಾಪ್ಲಿನ್, ಜೂನಿನಿಂದ ಸೆಪ್ಟೆಂಬರಿಗೆ ಹತ್ತಿ-ಪಾಲಿಯೆಸ್ಟರ್ 60:40. ಬೆವರಿನ ಕಲೆ ತಿಳಿ ನೀಲಿ, ಬೂದು ಬಣ್ಣಗಳಲ್ಲಿ ಕೆಟ್ಟದಾಗಿ ಎದ್ದು ಕಾಣುತ್ತದೆ. ಬಿಳಿ, ಸಣ್ಣ ಚೌಕಳಿ, ಸಣ್ಣ ಗೆರೆಗಳಲ್ಲಿ ಅಡಗುತ್ತದೆ. ಕಡುನೀಲಿಯಲ್ಲಿ ಒದ್ದೆ ಕಾಣದು, ಆದರೆ ಒಣಗಿದ ಮೇಲೆ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡುತ್ತದೆ.

ಸಮುದ್ರದ ಗಾಳಿ ಲೋಹವನ್ನು ಬಿಡುವುದಿಲ್ಲ. ಪ್ಯಾಂಟಿಗೆ ನೈಲಾನ್ ಜಿಪ್ಪೇ ಇರಲಿ. ಲೋಹದ ಜಿಪ್ಪು ಹಸಿರು ಹಿಡಿದು ಸಿಕ್ಕಿಹಾಕಿಕೊಳ್ಳುತ್ತದೆ. ಸೊಂಟದ ಹುಕ್ಕು ತುಕ್ಕು ಹಿಡಿಯದ ಸ್ಟೀಲಿನದ್ದೇ ಎಂದು ಕೇಳಿ ಹಾಕಿಸಿ. ಕಬ್ಬಿಣದ ಹುಕ್ಕಿನ ತುಕ್ಕು ಪಟ್ಟಿಗೆ ಇಳಿದು, ಅಲ್ಲಿಂದ ಬಿಳಿ ಶರ್ಟಿಗೆ ಕಂದು ಕಲೆ ಹತ್ತುತ್ತದೆ. ನಮ್ಮಂಥವರ ಹುಕ್ಕಿನ ಮೇಲೆ ಎಳೆತವೂ ಹೆಚ್ಚು. ಒಂದೇ ಹುಕ್ಕು ನಂಬದೆ ಒಳಗೊಂದು ಗುಂಡಿ ಹಾಕಿಸಿದರೆ ಭಾರ ಹಂಚಿಹೋಗುತ್ತದೆ.

ಶಿರಸಿ ಕಡೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವುದು ಮನೆಮನೆಯ ರೂಢಿ. ಪಾಲಿಯೆಸ್ಟರ್ ಮಿಶ್ರಣದ ಪ್ಯಾಂಟು ಹೊಗೆಯ ವಾಸನೆ ಹಿಡಿದರೆ ಒಗೆದರೂ ಬೇಗ ಬಿಡುವುದಿಲ್ಲ, ಕಿಡಿ ಬಿದ್ದರೆ ಕರಗಿ ತೂತಾಗುತ್ತದೆ. ಹತ್ತಿಯದನ್ನು ಅಲ್ಲಿ ಹಾಕಿ, ಇದನ್ನು ಒಳಗೆ ಫ್ಯಾನಿಗೆ ಹಾಕಿ. ಕಪಾಟಿನಲ್ಲಿ ಬಟ್ಟೆ ಒತ್ತೊತ್ತಾಗಿ ಇದ್ದರೆ ಕಾಲರಿನ ಮಡಿಕೆಯಲ್ಲಿ ಮೊದಲು ಬೂಸು ಬರುತ್ತದೆ.

ದರ್ಜಿಯ ಸೇವೆಯ ವಿಷಯ. ಒಂದೇ ಸಲ ಐದು ಜೋಡಿ ಕೊಡಬೇಡಿ. ಒಂದು ಜೋಡಿ ಹೊಲಿಸಿ, ಎರಡು ಸಲ ಒಗೆದು, ಆಫೀಸಿನ ಕುರ್ಚಿಯಲ್ಲಿ ಕೂತು ನೋಡಿ, ಆಮೇಲೆ ಉಳಿದದ್ದು. ಅಳತೆಯ ಪುಸ್ತಕದಲ್ಲಿ ಬರೀ ಇಂಚುಗಳಿರುತ್ತವೆ, ತಿದ್ದುಪಡಿ ಇರುವುದಿಲ್ಲ. ‘ಮುಂದೆ ಒಂದು ಇಂಚು ಇಳಿಸು, ತೊಡೆಗೆ ಡಬಲ್, ಹಿಂದೆ ಮಾರ್ಜಿನ್’ ಎಂದು ನಿಮ್ಮ ಹೆಸರಿನ ಪಕ್ಕದಲ್ಲೇ ಬರೆಸಿ. ಕತ್ತರಿಸುವ ಕೈ ಬದಲಾದಾಗ ಅದೇ ಆಧಾರ. ಗಣೇಶ ಚೌತಿ, ದೀಪಾವಳಿ, ಏಪ್ರಿಲ್-ಮೇ ಮದುವೆಗಳ ಮುಂಚೆ, ಶಿರಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಮುಂಚೆ ಕೊಟ್ಟರೆ ಟ್ರಯಲ್ ಎಂಬುದೇ ಇರುವುದಿಲ್ಲ. ಚೌತಿಯ ಬಟ್ಟೆ ಜುಲೈಯಲ್ಲೇ ಕೊಡಿ. ದೊಡ್ಡ ಅಳತೆಗೆ, ಡಬಲ್ ತುಂಡಿಗೆ ಕೂಲಿ ಹೆಚ್ಚು ಕೇಳುವುದು ನ್ಯಾಯವೇ, ಆದರೆ ಮೊದಲೇ ಮಾತಾಡಿಕೊಳ್ಳಿ.

ರೆಡಿಮೇಡಿನಲ್ಲಿ ಕೊಳ್ಳಬೇಕಾದ್ದು ಮೂರೇ. ತೋಳಿರುವ ಹತ್ತಿ ಬನಿಯನ್, ಏಕೆಂದರೆ ಕಂಕುಳದ ಬೆವರನ್ನು ಹೀರುವುದು ಅದೇ. ತೊಡೆಯ ನಡುವರೆಗೆ ಬರುವ ಹತ್ತಿಯ ಉದ್ದ ಚಡ್ಡಿ. ಪೌಡರು ಬೆವರಿಗೆ ಹಿಟ್ಟಿನಂತಾಗಿ ಇನ್ನೂ ಉಜ್ಜುತ್ತದೆ, ಚಡ್ಡಿಯಾದರೆ ಚರ್ಮಕ್ಕೆ ಚರ್ಮ ತಾಗುವುದನ್ನೇ ತಪ್ಪಿಸುತ್ತದೆ. ಮೂರನೆಯದು ಬೆಲ್ಟು: ಒಂದೂಕಾಲರಿಂದ ಒಂದೂವರೆ ಇಂಚು ಅಗಲ, ಪ್ಯಾಂಟಿನ ಮೇಲೆ ಟೇಪು ಸುತ್ತಿ ತೆಗೆದ ಅಳತೆ ನಡುವಿನ ತೂತಿಗೆ ಬರಬೇಕು. ಕೊನೆಯ ತೂತಿಗೆ ಹಾಕುವ ಬೆಲ್ಟು ಮಳೆಗಾಲದಲ್ಲಿ ತೇವ ಹಿಡಿದು ಅಲ್ಲೇ ಸೀಳುತ್ತದೆ.