ಪಿಕಪ್‌ನ ಚೆಕ್ ಇಂಜಿನ್ ಲೈಟ್ ಮತ್ತು ಬ್ಲೂಟೂತ್ ಓಬಿಡಿ ಸ್ಕ್ಯಾನರ್: ಬಹಳ ದಿನ ಬಳಸಿದ ಮೇಲೆ

ಓಬಿಡಿ ಸ್ಕ್ಯಾನರ್ ಅಂದರೆ ಗಾಡಿಯ ಕಂಪ್ಯೂಟರ್ ದಾಖಲಿಸಿಕೊಂಡ ದೋಷದ ಕೋಡ್‌ಗಳನ್ನು ಫೋನಿನಲ್ಲಿ ಓದಿ ತೋರಿಸೋ ಸಾಧನ. ಇದನ್ನು ತಗೊಂಡರೆ ಗ್ಯಾರೇಜಿಗೆ ಹೋಗೋದು ತಪ್ಪುತ್ತೆ ಅಂದುಕೊಂಡವರು ದುಡ್ಡು ಉಳಿಸಿಕೊಳ್ಳಿ, ಹಾಗೇನೂ ಆಗಲ್ಲ. ಗ್ಯಾರೇಜಲ್ಲಿ ಏನು ಕೇಳಬೇಕು, ಯಾವ ಬಿಲ್ಲಿಗೆ ಬೇಡ ಅನ್ನಬೇಕು ಅಂತ ಗೊತ್ತಾಗಬೇಕು ಅನ್ನೋರಿಗೆ ಮಾತ್ರ ಇದು ಉಪಯೋಗ. ನನಗೆ ಆ ಮಟ್ಟಿಗೆ ಕೊಟ್ಟ ಕಾಸಿಗಿಂತ ಜಾಸ್ತಿಯೇ ಕೆಲಸ ಮಾಡಿಕೊಟ್ಟಿದೆ.

ಕೊಡಗಿನ ನಾಪೋಕ್ಲು ಕಡೆ ನಮ್ಮದು ಸಣ್ಣ ಕಾಫಿ ತೋಟ. ಇರೋದು ಒಂದು ಬಿಎಸ್6 ಡೀಸೆಲ್ ಪಿಕಪ್, ಕಂಪನಿ ಹೆಸರು ಇಲ್ಲಿ ಬೇಡ. ಕೊಯ್ಲು ಮುಗಿದ ಮೇಲೆ ಕಾಫಿ ತುಂಬಿಕೊಂಡು ಕುಶಾಲನಗರಕ್ಕೆ ಹೋಗುತ್ತೆ, ವಾಪಸ್ ಬರುವಾಗ ಗೊಬ್ಬರವೋ ಸಿಮೆಂಟೋ ಹೇರಿಕೊಂಡು ಬರುತ್ತೆ. ಆ ವಾಪಸ್ ದಾರಿಯಲ್ಲೇ ಚೆಕ್ ಇಂಜಿನ್ ಲೈಟ್ ಹತ್ತೋಕೆ ಶುರುವಾಯ್ತು. ಜೊತೆಗೆ ಗಾಡಿ ಎಳೆಯೋದೂ ಕಡಿಮೆ. ಕೆಲವು ದಿನಕ್ಕೆ ಲೈಟ್ ತಾನಾಗೇ ಆರುತ್ತಿತ್ತು, ಆಮೇಲೆ ಮತ್ತೆ ಹತ್ತುತ್ತಿತ್ತು. ಸರ್ವಿಸ್ ಸೆಂಟರಿನವರು ಏರ್ ಫಿಲ್ಟರ್ ಬದಲಿಸಿ, ಸೆನ್ಸರ್ ಕ್ಲೀನ್ ಮಾಡಿ, ಕೋಡ್ ಅಳಿಸಿ ಕಳಿಸಿದರು. ಅದು ಮತ್ತೆ ಹತ್ತಿದಾಗ ಟರ್ಬೊನೇ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಭಾಗ) ಬದಲಿಸಬೇಕು ಅಂದರು. ಆ ಎಸ್ಟಿಮೇಟ್ ನೋಡಿದ ಮೇಲೆಯೇ ನಾನು ಸ್ಕ್ಯಾನರ್ ಆರ್ಡರ್ ಮಾಡಿದ್ದು.

ಸಾಧನ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಪೋರ್ಟ್ ಇರುತ್ತಲ್ಲ, ಅದಕ್ಕೆ ಸಿಕ್ಕಿಸಿ ಫೋನಿನ ಆ್ಯಪ್‌ಗೆ ಜೋಡಿಸೋದು. ಆ್ಯಪ್ ನಡೆಯೋದು ಬ್ಲೂಟೂತ್ ಮೇಲೆ, ಇಂಟರ್ನೆಟ್ ಬೇಕಿಲ್ಲ. ಜುಲೈ ತಿಂಗಳಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋಗೋ ನಮ್ಮ ಕಡೆಯವರಿಗೆ ಇದು ಸಣ್ಣ ವಿಷಯ ಅಲ್ಲ.

ಬಂದ ಕೋಡ್ ಪಿ0299. ಟರ್ಬೊ ಒತ್ತಡ ಬೇಕಾದಷ್ಟು ಬರ್ತಿಲ್ಲ ಅಂತ ಅದರರ್ಥ, ಟರ್ಬೊ ಹೋಗಿದೆ ಅಂತ ಅಲ್ಲ. ಕಾಫಿ ಗಿಡದ ಎಲೆ ಹಳದಿಯಾಯ್ತು ಅಂದರೆ ಗೊಬ್ಬರ ಸಾಲದೆಯೋ, ಬೇರಿಗೆ ನೀರು ನಿಂತೋ, ಬಿಳಿ ಕಾಂಡಕೊರಕ ಹೊಕ್ಕೋ ಅಂತ ಬುಡಕ್ಕೆ ಹೋಗಿ ನೋಡಲೇಬೇಕಲ್ಲ, ಇದೂ ಹಾಗೇ. ಗಾಳಿ ಪೈಪ್ ಬಿರುಕು, ಆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಸೋರಿಕೆ, ವ್ಯಾಕ್ಯೂಮ್ ಟ್ಯೂಬ್, ಟರ್ಬೊ ಒತ್ತಡ ಹೊಂದಿಸೋ ಆ್ಯಕ್ಚುಯೇಟರ್, ಸೆನ್ಸರ್, ಕೊನೆಗೆ ಟರ್ಬೊ. ಇದರಲ್ಲಿ ಯಾವುದಕ್ಕೂ ಈ ಕೋಡ್ ಬರಬಹುದು.

ಸ್ಕ್ಯಾನರ್‌ನ ನಿಜವಾದ ಬೆಲೆ ಇರೋದು ಫ್ರೀಜ್ ಫ್ರೇಮ್‌ನಲ್ಲಿ. ದೋಷ ದಾಖಲಾದ ಕ್ಷಣದಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಇಂಜಿನ್ ಮೇಲೆ ಭಾರ ಎಷ್ಟು, ಕೂಲಂಟ್ ಎಷ್ಟು ಬಿಸಿ ಅನ್ನೋದನ್ನೆಲ್ಲ ಗಾಡಿಯ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತೆ. ನನ್ನದರಲ್ಲಿ ಲೋಡ್ 90 ಶೇಕಡಾ ಮೇಲೆ, ಆರ್‌ಪಿಎಂ 2,000 ದಾಟಿತ್ತು, ವೇಗ ಮಾತ್ರ 35ರ ಆಸುಪಾಸು. ಅಂದರೆ ಸುಂಟಿಕೊಪ್ಪ ದಾಟಿ ಬೋಯಿಕೇರಿ ಕಡೆ ಏರು ಹತ್ತುವಾಗ, ತುಂಬಿದ ಗಾಡಿ. ಗ್ಯಾರೇಜಿನ ಅಂಗಳದಲ್ಲಿ ಖಾಲಿ ಗಾಡಿ ರೇಸ್ ಮಾಡಿ ನೋಡಿದರೆ ಇದು ಎಲ್ಲಿಂದ ಸಿಗಬೇಕು? ಕೋಡ್ ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಅದರ ಜೊತೆಗೇ ಹೋಗುತ್ತೆ. ಹಾಗಾಗಿ ಗಾಡಿ ಕೊಡುವ ಮೊದಲು ಆ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಬಂದ ತಕ್ಷಣ ಕೋಡ್ ಅಳಿಸೋ ಮೆಕ್ಯಾನಿಕ್ ಮೇಲೆ ನನಗಂತೂ ನಂಬಿಕೆ ಇಲ್ಲ.

ಲೈಟ್ ಯಾಕೆ ಬಂದು ಬಂದು ಹೋಗುತ್ತೆ ಅನ್ನೋದಕ್ಕೂ ಕಾರಣ ಇದೆ. ಇಂಥ ದೋಷಗಳಲ್ಲಿ ಹೆಚ್ಚಿನವು ಒಂದು ಓಟದಲ್ಲಿ ಕಂಡರೆ ಕಂಪ್ಯೂಟರ್ ಅದನ್ನು 'ಪೆಂಡಿಂಗ್' ಅಂತ ಗುರುತು ಹಾಕಿ ಸುಮ್ಮನಿರುತ್ತೆ. ಮುಂದಿನ ಓಟದಲ್ಲೂ ಕಂಡರೆ ಆಗ ಲೈಟ್ ಹಾಕುತ್ತೆ. ಅದೇ ಪರೀಕ್ಷೆ ನಡೆದು ಸತತ ಮೂರು ಓಟದಲ್ಲಿ ದೋಷ ಕಾಣದಿದ್ದರೆ ಲೈಟ್ ಆರಿಸುತ್ತೆ, ಆದರೆ ಕೋಡ್ ಒಳಗೆ ಉಳಿದೇ ಇರುತ್ತೆ. ಅದು ಪೂರ್ತಿ ಅಳಿಯೋಕೆ ಇಂಜಿನ್ ಸುಮಾರು 40 ಸಲ ತಣ್ಣಗಿದ್ದು ಬಿಸಿಯಾಗಬೇಕು. ಅರೆ ಲೋಡಿನಲ್ಲಿ ಮೂರ್ನಾಡು, ಮಡಿಕೇರಿ ಅಂತ ಓಡಾಡಿದಾಗ ಲೈಟ್ ಆರಿದ್ದು ಅದಕ್ಕೇ. ಮತ್ತೆ ಗೊಬ್ಬರ ಹೇರಿ ಘಾಟಿ ಹತ್ತಿದರೆ ಕಥೆ ಮೊದಲಿಂದ ಶುರು. ಲೈಟ್ ಆರಿದೆ ಅಂತ ಸುಮ್ಮನಾಗದೆ, ಪೆಂಡಿಂಗ್ ಕೋಡ್ ಪುಟ ತೆರೆದು ನೋಡೋ ಅಭ್ಯಾಸ ಮಾಡಿಕೊಳ್ಳಿ.

ಆಮೇಲೆ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳ ಅಳತೆಯನ್ನು ಆ ಕ್ಷಣಕ್ಕೇ ನೋಡೋದು. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದರೆ ಮ್ಯಾಪ್ ಸೆನ್ಸರ್ (ಇಂಜಿನ್‌ಗೆ ಹೋಗೋ ಗಾಳಿಯ ಒತ್ತಡ ಅಳೆಯೋದು) ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ಮಂಗಳೂರಿನಲ್ಲಿ ಅದು 100 ಕಿಲೋಪಾಸ್ಕಲ್ ಹತ್ತಿರ ಇರುತ್ತೆ, ಮಡಿಕೇರಿಯ ಎತ್ತರಕ್ಕೆ 88ರ ಸುತ್ತಮುತ್ತ. ನನ್ನದು ಅಷ್ಟೇ ತೋರಿಸಿತು. ಸೆನ್ಸರ್ ಮೇಲಿದ್ದ ಅನುಮಾನ ಅಲ್ಲಿಗೆ ಬಹುಪಾಲು ಹೋಯ್ತು. ಮತ್ತೆ ಲೋಡ್ ಹಾಕಿ ಅದೇ ಏರು ಹತ್ತಿಸಿದೆ, ಫೋನ್ ತಮ್ಮನ ಕೈಯಲ್ಲಿ (ಆ ತಿರುವುಗಳಲ್ಲಿ ಸ್ಟಿಯರಿಂಗ್ ಹಿಡಿದವರು ಸ್ಕ್ರೀನ್ ನೋಡಬೇಡಿ, ದಯವಿಟ್ಟು). ಪೆಡಲ್ ಪೂರ್ತಿ ಒತ್ತಿದರೂ ಒತ್ತಡ 130ರ ಹತ್ತಿರ ಹೋಗಿ ನಿಂತುಬಿಡುತ್ತಿತ್ತು.

ಆ್ಯಪ್ ತೋರಿಸಿದ ಈ ಒತ್ತಡದ ಗ್ರಾಫ್ ತಗೊಂಡು ನಮ್ಮೂರ ಮೇಸ್ತ್ರಿ ಹತ್ತಿರ ಹೋದೆ. ನೋಡಿದವರೇ, "ಟರ್ಬೊ ಆಮೇಲೆ ನೋಡುವ ಅಣ್ಣ, ಮೊದಲು ಪೈಪ್ ಬಿಚ್ಚುವ" ಅಂದರು. ಇಂಟರ್‌ಕೂಲರ್‌ಗೆ ಹೋಗೋ ರಬ್ಬರ್ ಪೈಪಿನ ಅಡಿಭಾಗದಲ್ಲಿ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಕಚ್ಚಿಕೊಂಡಿತ್ತು. ಬಿಚ್ಚಿ ಕೈಯಲ್ಲಿ ತಿರುಚಿದಾಗ ಸೀಳು ಬಾಯಿ ಬಿಟ್ಟಿತು. ಐಡಲ್‌ನಲ್ಲಿ ಅದು ಮುಚ್ಚಿಕೊಂಡೇ ಇರುತ್ತೆ, ಒತ್ತಡ ಬಿದ್ದಾಗ ಮಾತ್ರ ತೆರೆದುಕೊಳ್ಳುತ್ತೆ. ಹೊಸ ಪೈಪ್ ಹಾಕಿ ಅದೇ ದಾರಿಯಲ್ಲಿ ಅಷ್ಟೇ ಲೋಡ್ ತಂದಾಗ ಒತ್ತಡ 200 ದಾಟಿತು. ಖರ್ಚು ಟರ್ಬೊ ಎಸ್ಟಿಮೇಟ್ ಮುಂದೆ ಚಿಲ್ಲರೆ. ಆ ಕೋಡ್ ಮತ್ತೆ ಪೆಂಡಿಂಗ್‌ನಲ್ಲೂ ಬಂದಿಲ್ಲ.

ಅದಾದ ಮೇಲೆ ಲೈಟ್ ಬಂದೇ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ಶೆಡ್‌ನಲ್ಲಿ ನಿಂತಿದ್ದಾಗ ಇಲಿ ಏರ್‌ಫ್ಲೋ ಸೆನ್ಸರ್ ವೈರ್ ಕಡಿದಿತ್ತು, ಅದಕ್ಕೆ ಬೇರೆಯೇ ಕೋಡ್ ಬಂತು. ಬಾನೆಟ್ ಎತ್ತಿದ ಕೂಡಲೇ ಕಾಣಿಸಿತು. ಇನ್ನೊಮ್ಮೆ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಮಸಿ ಕಟ್ಟಿದ ಕೋಡ್. ತೋಟದೊಳಗೇ ಒಂದನೇ, ಎರಡನೇ ಗೇರಿನಲ್ಲಿ ಓಡೋ ಗಾಡಿಗೆ ಇದು ಮಾಮೂಲು, ಯಾಕಂದರೆ ಆ ಮಸಿ ಸುಡೋಕೆ ಫಿಲ್ಟರ್ ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಕುಶಾಲನಗರದಿಂದ ಹುಣಸೂರಿನ ಕಡೆ ನಿಲ್ಲಿಸದೆ ಒಂದೇ ವೇಗದಲ್ಲಿ ಓಡಿಸಿಕೊಂಡು ಬಂದಾಗ ಸರಿಯಾಯ್ತು.

ಈಗ ದೂರುಗಳು. ಎಬಿಎಸ್, ಏರ್‌ಬ್ಯಾಗ್ ಲೈಟ್ ಬಗ್ಗೆ ನನ್ನ ಸ್ಕ್ಯಾನರ್ ತುಟಿ ಬಿಚ್ಚಲ್ಲ. ಡಿಪಿಎಫ್ ಬಲವಂತವಾಗಿ ಸುಡಿಸೋದು, ಇಂಜೆಕ್ಟರ್ ಕೋಡಿಂಗ್ ಇವೆಲ್ಲ ಇದರಲ್ಲಿ ಆಗಲ್ಲ. ಪಿ1ರಿಂದ ಶುರುವಾಗೋ ಕೋಡ್‌ಗಳು ಕಂಪನಿಯ ಸ್ವಂತದ್ದು, ಅದಕ್ಕೆ ಆ್ಯಪ್ ಕೊಡೋ ವಿವರಣೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ದೊಡ್ಡ ತಲೆನೋವು ಬ್ಯಾಟರಿ. ಪೋರ್ಟಿನ 16ನೇ ಪಿನ್‌ಗೆ ಕೀ ಆಫ್ ಇದ್ದರೂ ಕರೆಂಟ್ ಬರುತ್ತಲೇ ಇರುತ್ತೆ. ಸಿಕ್ಕಿಸಿಯೇ ಬಿಟ್ಟು ಗಾಡಿ ನಿಲ್ಲಿಸಿದರೆ ಬ್ಯಾಟರಿ ನಿಧಾನಕ್ಕೆ ಇಳಿಯುತ್ತೆ. ಕೆಲಸ ಆದ ಮೇಲೆ ಕಿತ್ತು ಡ್ಯಾಶ್‌ಬೋರ್ಡಲ್ಲಿಡಿ. ಇನ್ನು ಆಯಿಲ್ ಪ್ರೆಶರ್ ಅಥವಾ ಟೆಂಪರೇಚರ್‌ನ ಕೆಂಪು ಲೈಟ್ ಬಂದರೆ ಸ್ಕ್ಯಾನರ್ ಹುಡುಕಬೇಡಿ, ಗಾಡಿ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ.

ತಗೊಳ್ಳೋರು ಒಂದು ವಿಷಯ ಗಮನಿಸಿ. ಇಎಲ್‌ಎಂ327 ಅನ್ನೋದು ಇಂಥ ಸ್ಕ್ಯಾನರ್‌ಗಳಲ್ಲಿ ಬಳಸೋ, ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್‌ನ ಚಿಪ್, ಆ ಕಂಪನಿ 2022ರಲ್ಲೇ ಬಾಗಿಲು ಹಾಕಿದೆ. ಆನ್‌ಲೈನ್‌ನಲ್ಲಿ ಆ ಹೆಸರಿನಲ್ಲಿ ಅಗ್ಗಕ್ಕೆ ಸಿಗೋದು ಬಹುತೇಕ ನಕಲು. ನಕಲುಗಳಲ್ಲೂ ಕೆಲಸ ಮಾಡೋದು ಇದೆ, ಮಾಡದ್ದೂ ಇದೆ. ಐಫೋನ್ ಇದ್ದರೆ ಹಳೆ ಮಾದರಿ ಬ್ಲೂಟೂತಿನದು ಜೋಡಿಯಾಗಲ್ಲ, ವೈಫೈ ಅಥವಾ ಬಿಎಲ್‌ಇ (ಹೊಸ ಮಾದರಿ ಬ್ಲೂಟೂತ್) ಇರೋದು ನೋಡಿ ತಗೊಳ್ಳಿ. ಬಂದ ದಿನವೇ ಸಿಕ್ಕಿಸಿ ಆ್ಯಪ್‌ನಲ್ಲಿ ಚಾಸಿ ನಂಬರ್ ಓದಿಸಿ, ಆರ್‌ಸಿ ಜೊತೆ ತಾಳೆ ನೋಡಿ. 17 ಅಕ್ಷರವೂ ಬರದೆ ಅರ್ಧಕ್ಕೆ ನಿಂತರೆ, ರಿಟರ್ನ್ ಅವಧಿ ಮುಗಿಯುವ ಮೊದಲೇ ವಾಪಸ್ ಕಳಿಸಿಬಿಡಿ.